ನಿಂತ ಗಾಡಿಯ ಪರವಾಗಿ

ಬಿಸಿ ಎಂಜಿನ್ನಿನ ಮೇಲೆ ಸೀಮೆಎಣ್ಣೆ ಸುಟ್ಟ ವಾಸನೆ ನಿಮಗೆ ಗೊತ್ತೋ ಇಲ್ಲವೋ, ನನಗಂತೂ ಅದು ಮೂಗಿಗೆ ಬಡಿದರೆ ಬಾಗಿದ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊನ್ನೆ ನ್ಯಾಮತಿಯ ನಮ್ಮ ಮನೆಯಂಗಳದಲ್ಲಿ ಮೊಮ್ಮಗ ತನ್ನ ಮೋಟಾರ್ ಸೈಕಲ್ಲಿನ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಕಾದ ಎಂಜಿನ್ನಿನ ಮೇಲೆ ಒಂದಿಷ್ಟು ಚೆಲ್ಲಿ ಹೊಗೆ ಎದ್ದಿತು. ಸುತ್ತ ಅವನ ಗೆಳೆಯರು ಕೂತು, ಪ್ರಪಂಚದಲ್ಲಿ ಇದುವರೆಗೆ ಬಂದ ಮೋಟಾರ್ ಸೈಕಲ್ಲುಗಳಲ್ಲೆಲ್ಲ ಶ್ರೇಷ್ಠವಾದದ್ದು ಯಾವುದು ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಒಬ್ಬನಿಗೆ ವೇಗ, ಒಬ್ಬನಿಗೆ ಸದ್ದು, ಇನ್ನೊಬ್ಬನಿಗೆ ತೂಕ. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಹಳೆಯ ಚಾಳಿ. ನಾನು ಬಾಯಿ ತೆರೆಯುವುದನ್ನು ಕಂಡು ಅವರು ಎದ್ದುಹೋದ್ದರಿಂದ ನೀವು ಸಿಕ್ಕಿಬಿದ್ದಿದ್ದೀರಿ.

ಈ ಜಗಳ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲೂ ಸಂತೆಯ ದಿನ ನ್ಯಾಮತಿಯ ಹೋಟೆಲಿನಲ್ಲಿ ಇದೇ ನಡೆಯುತ್ತಿತ್ತು. ಆಗ ಅವನ್ನು ಫಟಫಟಿ ಎನ್ನುತ್ತಿದ್ದರು. ನಮ್ಮ ಕಡೆಯವರು ಕಂಡಿದ್ದೇ ಮೂರು: ಚನ್ನಗಿರಿಯ ಇನ್ಸ್‌ಪೆಕ್ಟರದು, ಹೊನ್ನಾಳಿಯ ಡಾಕ್ಟರದು, ಜಗಳೂರಿನ ಕಂಟ್ರಾಕ್ಟರದು. ವಾದಿಸುವವರಲ್ಲಿ ಒಬ್ಬರೂ ಯಾವುದನ್ನೂ ಹತ್ತಿದವರಲ್ಲ. ಆದರೆ ದನದ ಪೇಟೆಯಲ್ಲಿ ಹಲ್ಲು ಹಿಡಿದು ನೋಡಿ ಪಳಗಿದವರು, ಅದೇ ಕಣ್ಣಿನಿಂದ ಫಟಫಟಿಯನ್ನೂ ಅಳೆಯುತ್ತಿದ್ದರು.

"ಇನ್ಸ್‌ಪೆಕ್ಟರ್ ಗಾಡೀಗೆ ಎರಡು ಸಿಲಿಂಡರ್ ಐತ್ರಿ. ಅಂದ್ರೆ ಜೋಡೆತ್ತು. ಡಾಕ್ಟರದು ಒಂಟೆತ್ತು. ಒಂಟೆತ್ತು ಎಷ್ಟಂತ ಎಳೀತೈತೆ?" ಎನ್ನುವವರು ನಮ್ಮೂರ ಗೌಡರು. ಆ ಗುಂಪಿಗೆ ಅವರೇ ಹಿರಿಯರು.

"ಜಗಳೂರಿನದು ನೀರು ನೆಳ್ಳಿಲ್ಲದ ಕಡೆ ಬದುಕೈತೆ ಗೌಡ್ರೇ, ಅದು ಗಟ್ಟಿ ತಳಿ" ಎಂದು ಇನ್ನೊಬ್ಬರು. ಡಾಕ್ಟರ ಗಾಡಿಯ ಟ್ಯಾಂಕಿನ ಮೇಲೊಂದು ಗೀರಿತ್ತು. ಅದು ಕೆಟ್ಟ ಸುಳಿಯಿದ್ದ ಹಾಗಿದೆ, ಮನೆಗೆ ಆಗಿಬರುವುದಿಲ್ಲ ಎಂದು ಹೇಳಿದವರೂ ಇದ್ದರು.

ನಾನು ಇದನ್ನೆಲ್ಲ ಕೇಳುತ್ತಿದ್ದುದು ಹೊರಗಿನ ಕಟ್ಟೆಯಿಂದ. ನಾವು ಊರಾಚೆಯ ಕೇರಿಯವರು. ಅವರಿಗೆ ಒಳಗೆ ಬೆಂಚು, ಲೋಟ; ನಮಗೆ ಹೊರಗೆ ಕಟ್ಟೆ, ತೆಂಗಿನ ಚಿಪ್ಪು. ಚಹಾ ಮಾತ್ರ ಒಂದೇ ಪಾತ್ರೆಯದು, ಮಾತೂ ಕಿವಿಗೆ ಬೀಳುತ್ತಿತ್ತು. ಅಭಿಪ್ರಾಯ ಹೇಳುವ ಹಕ್ಕಿರಲಿಲ್ಲ ಅಷ್ಟೆ. ಈಗ ಹೇಳುತ್ತೇನೆ, ಯಾರು ತಡೆಯುತ್ತಾರೋ ನೋಡೋಣ.

ಯುದ್ಧ ಮುಗಿದ ಮೇಲೆ ಅಣ್ಣ ದುರುಗಪ್ಪ ಮಿಲಿಟರಿಯಿಂದ ಬಂದ. ಅಲ್ಲಿ ಮೋಟಾರ್ ಸೈಕಲ್ ಮೇಲೆ ಟಪಾಲು ಒಯ್ಯುವ ಕೆಲಸ ಅವನದು. ದಂಡಿನವರು ಬೇಡವೆಂದು ಹರಾಜು ಹಾಕಿದ ಒಂದು ಗಾಡಿಯನ್ನು ತಂದಿದ್ದ. ಒಂದು ಗಾಡಿ ಎನ್ನುವುದೂ ಸರಿಯಲ್ಲ. ಸತ್ತ ಮೂರು ಗಾಡಿಗಳು ಸೇರಿ ಹುಟ್ಟಿದ ಕೂಸು ಅದು. ಟ್ಯಾಂಕಿನ ಮೇಲಿನ ಹೆಸರು ಕೆರೆದುಹೋಗಿತ್ತು. ಹಿಂದಿನ ಕ್ಯಾರಿಯರಿಗೆ ಗೋಣಿಚೀಲ ಮಡಚಿ ಕಟ್ಟಿದ್ದು ನನ್ನ ಸಿಂಹಾಸನ. ಪೆಟ್ರೋಲ್ ಸಿಗದ ಕಾಲವಾದ್ದರಿಂದ ಸೀಮೆಎಣ್ಣೆ ಬೆರೆಸಿ ಓಡಿಸುತ್ತಿದ್ದ. ಅದಕ್ಕೊಂದು ರೋಗವಿತ್ತು: ಕಾದಾಗ ನಿಲ್ಲಿಸಿದರೆ ಪೂರ್ತಿ ತಣ್ಣಗಾಗುವವರೆಗೆ ಎಷ್ಟು ಒದ್ದರೂ ಏಳುತ್ತಿರಲಿಲ್ಲ. ಕಾಯಲಾರದವರು ಇಳಿದು, ನೂಕಿಕೊಂಡು ಓಡಬೇಕು.

ನಮ್ಮ ಕೇರಿಗೆ ಹೋಗುವ ದಾರಿ ಗೌಡರ ಚಾವಡಿಯ ಮುಂದೆಯೇ ಹಾಯುತ್ತಿತ್ತು. ಅಲ್ಲಿ ನಮ್ಮವರು ಕೆರ ಬಿಚ್ಚಿ ಕೈಯಲ್ಲಿ ಹಿಡಿಯಬೇಕು, ಸೈಕಲ್ಲಿದ್ದರೆ ಇಳಿದು ನೂಕಬೇಕು. ಅಣ್ಣ ಬಂದ ದಿನ ಇಳಿಯದೆ ಬಂದ. ಊರು ಕುದಿಯಿತು. ಅವ್ವ ರಾತ್ರಿಯೂಟಕ್ಕೆ ಬಡಿಸುತ್ತ, "ನಾಕು ಹೆಜ್ಜೆ ಇಳುದು ನೂಕಿದ್ರೆ ನಿನ್ನ ಗಂಟೇನು ಹೋಗ್ತೈತೆ?" ಎಂದಳು.

"ಇವತ್ತು ನಾನು ಇಳುದ್ರೆ ನಾಳೆ ನಿನ್ನ ಮೊಮ್ಮಕ್ಕಳೂ ಇಳೀಬೇಕವ್ವ" ಎಂದ ಅಣ್ಣ. ಅವ್ವ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಮರುದಿನ ಸೋಮವಾರ. ಸವಳಂಗಕ್ಕೆ ಹೋಗಿ ಮಧ್ಯಾಹ್ನ ಬರುತ್ತಿದ್ದೆವು. ಚಾವಡಿಯ ಮುಂದೆ ನಾಲ್ಕು ಜನ ಬಡಿಗೆ ಹಿಡಿದು ದಾರಿಗೆ ಅಡ್ಡ ನಿಂತಿದ್ದರು. ಅಣ್ಣ ಎಂಜಿನ್ ಬಂದ್ ಮಾಡದೆ ಕಾಲೂರಿದ. ಕಟ್ಟೆಯ ಮೇಲೆ ಗೌಡರು, ಸ್ನಾನವಾಗಿ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದರು. ಗೌಡರು ಕೆಟ್ಟವರು ಎಂದು ಹೇಳಿಬಿಟ್ಟರೆ ನನಗೆ ಬರೆಯುವುದು ಸುಲಭ. ಆದರೆ ಅವರಿಗೆ ರಕ್ತ ಹರಿಯುವುದು ಬೇಡವಾಗಿತ್ತು, ಗಾಡಿಯ ಮೇಲೆ ಆಸೆಯೂ ಇತ್ತು. ಗಾಡಿಯ ರೋಗದ ಸುದ್ದಿ ಅಷ್ಟರಲ್ಲೇ ಅವರ ಕಿವಿಗೂ ಬಿದ್ದಿತ್ತು, ಅದರಲ್ಲೇ ಒಂದು ದಾರಿ ಹುಡುಕಿಟ್ಟಿದ್ದರು.

"ಲೇ ದುರುಗ, ಅದು ಕಾದಾಗ ನಿಂತ್ರೆ ಮತ್ತೆ ಏಳಲ್ಲಂತಲ್ಲ. ಅದಕ್ಕೇ ನೀನು ಇಳಿಯಲ್ಲ, ಹೌದಿಲ್ಲೋ? ಹೌದು ಅಂದ್ಬಿಡು, ಹೋಗು."

ಮಾತು ಅಪ್ಪಟ ನಿಜ. ನಾನು ಹಿಂದಿನಿಂದ ಅಣ್ಣನ ಪಕ್ಕೆ ಚಿವುಟಿ, "ಹೌದು ಅನ್ನಣ್ಣ" ಎಂದೆ. ಅಣ್ಣ ಎಂಜಿನ್ ಬಂದ್ ಮಾಡಿದ.

"ಏಳಲ್ಲ ಅನ್ನೋದು ಖರೇ ಗೌಡ್ರೇ. ಆದ್ರೆ ನಾನು ಇಳಿಯದೆ ಇರೋದು ಅದಕ್ಕಲ್ಲ."

ಆಮೇಲೆ ಒದ್ದ. ಏಳಲಿಲ್ಲ. ಮತ್ತೆ ಒದ್ದ. ಬಡಿಗೆಯವನೊಬ್ಬ ನಕ್ಕು, "ಈಗ ಇಳುದು ನೂಕಲೇಬೇಕಲ್ಲೋ" ಎಂದ.

"ತಣ್ಣಗಾಗ್ಲಿ" ಎಂದು ಅಣ್ಣ ಕೈಕಟ್ಟಿ ಸೀಟಿನ ಮೇಲೆ ಕೂತ. ಹಿಂದೆ ನಾನು, ಕೆಳಗೆ ಸುಡುವ ಸೈಲೆನ್ಸರು.

ಅವರ ಪೇಚಾಟ ಆಗ ಶುರುವಾಯಿತು. ನಮ್ಮನ್ನು ಎಳೆದು ಕೆಡವಬೇಕೆಂದರೆ ಮುಟ್ಟಬೇಕು. ಮುಟ್ಟಿದರೆ ಮೈಲಿಗೆ, ಸೋಮವಾರದ ಪೂಜೆ ಇನ್ನೂ ಬಾಕಿ. ಬಡಿಗೆಗೆ ಮೈಲಿಗೆಯಿಲ್ಲ ಎಂಬುದು ನನಗೆ ಗೊತ್ತಿತ್ತು, ಅಣ್ಣನ ಬೆನ್ನಿಗೆ ಅಂಟಿಕೊಂಡು ಕೂತಿದ್ದುದು ಅದಕ್ಕೇ. ಗೌಡರು ಮಾತ್ರ, "ಸ್ವಾಮಿ ವಾರ, ಕೈ ಎತ್ತಬ್ಯಾಡ್ರಿ. ಎಷ್ಟೊತ್ತು ಕುಂತಾನು?" ಎಂದರು. ಕೂತೇ ಇದ್ದೆವು. ಬಿಸಿಲಿಗೆ ನೆತ್ತಿ ಕಾಯಿತು. ಗೌಡರು ತಡೆಯಲಾರದೆ ಕಟ್ಟೆಯಿಳಿದು, ಮಾರು ದೂರದಲ್ಲೇ ಗಾಡಿಗೆ ಒಂದು ಸುತ್ತು ಬಂದರು.

"ಜೋಡೆತ್ತೋ, ಒಂಟೆತ್ತೋ?"

"ಒಂಟೆತ್ತು ಗೌಡ್ರೇ."

"ಮತ್ತೆ? ನಾನು ಹೇಳಿರಲಿಲ್ಲೇನು" ಎಂದು ಗುಂಪಿನ ಕಡೆ ತಿರುಗಿ ಗೆದ್ದವರಂತೆ ತಲೆಯಾಡಿಸಿದರು.

ಕೇರಿಯವರು ದೂರದಲ್ಲಿ ಗುಂಪುಗೂಡಿದರು. ಅವರ ನಡುವಿನಿಂದ ಅವ್ವ ಚೆಂಬು ಹಿಡಿದು ಬರುವುದು ಕಾಣಿಸಿತು. ಮಗನ ಕಾಲಿಗೆ ಬಿದ್ದು ಇಳಿಸುತ್ತಾಳೆ ಎಂದುಕೊಂಡೆ. ಅವಳು ಬಡಿಗೆಗಳ ನಡುವೆಯೇ ನಡೆದು ಬಂದು ಚೆಂಬನ್ನು ಮೇಲೆತ್ತಿ, "ಇಳೀಬ್ಯಾಡ. ಅಲ್ಲೇ ಕುಡಿ" ಎಂದಳು. ನನಗೆ ಅಳು ಬಂತು. ಬಿಸಿಲಿಗೆ ಎಂದು ಕಣ್ಣೊರೆಸಿಕೊಂಡೆ.

ಹೊಟ್ಟೆ ಯಾರ ಮಾತನ್ನೂ ಕೇಳುವುದಿಲ್ಲ. ಗೌಡರು ಪೂಜೆಗೆಂದು ಒಳಹೋದರು. ಬಡಿಗೆಗಳು ಒಂದೊಂದಾಗಿ ಊಟಕ್ಕೆ ಹೋದವು. ಹೊತ್ತು ಇಳಿದ ಮೇಲೆ ಅಣ್ಣ ಎಂಜಿನ್ನಿಗೆ ಕೈಯಿಟ್ಟು ನೋಡಿ ಒಂದೇ ಸಲ ಒದ್ದ. ಗಾಡಿ ಎದ್ದಿತು. ನಾವು ಮನೆಗೆ ಹೋದೆವು.

ಆಮೇಲೆ ಎಲ್ಲ ಸುಖವಾಯಿತು ಎಂದು ತಿಳಿಯಬೇಡಿ. ಆ ವರ್ಷ ಕೇರಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ, ಅಂಬಲಿಗೂ ಕಷ್ಟವಾಯಿತು. ಕೆರ ಬಿಚ್ಚುವ ಪದ್ಧತಿ ಹೋಗಲು ಇನ್ನೂ ಬಹಳ ಕಾಲ ಹಿಡಿಯಿತು. ಆದರೆ ಗಾಡಿಯಿಂದ ಇಳಿ ಎಂದು ಮಾತ್ರ ಮತ್ತೆ ಯಾರೂ ಹೇಳಲಿಲ್ಲ. ಆದ್ದರಿಂದ ನಿಮ್ಮ ವೇಗ, ಸದ್ದು, ರೇಸು ಎಲ್ಲ ನಿಮಗೇ ಇರಲಿ. ಓಡಿ ಗೆದ್ದ ಗಾಡಿಗಳು ಸಾವಿರ ಇದ್ದಾವು. ನಿಂತು ಗೆದ್ದ ಗಾಡಿ ನಾನು ಕಂಡಿದ್ದು ಒಂದೇ, ಅದೇ ಶ್ರೇಷ್ಠ. ಒಪ್ಪದವರು ಬಂದು ನನ್ನೊಡನೆ ವಾದಿಸಲಿ.

ನಿನ್ನೆ ಮೊಮ್ಮಗ ನನ್ನನ್ನು ಹಿಂದೆ ಕೂರಿಸಿಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದ. ಎಷ್ಟೋ ಸಲ ಹಾದುಹೋಗಿದ್ದೇನೆ, ಒಮ್ಮೆಯೂ ನಿಲ್ಲಿಸು ಅಂದವನಲ್ಲ. ನಿನ್ನೆ ಚಾವಡಿ ಕಂಡ ಕೂಡಲೇ ಅವನ ಭುಜ ತಟ್ಟಿದೆ. ಅವನು ಗಾಡಿ ನಿಲ್ಲಿಸಿ, ಹಿಂತಿರುಗಿ ನೋಡದೆ ಕೇಳಿದ:

"ಯಾಕೆ ತಾತ, ಇಳೀತೀರೇನು?"

"ಇಳಿಯಾಕಲ್ಲಪ್ಪ" ಎಂದೆ. "ಒಂದೀಟು ಕೂರಾಕೆ."