ನೀರು ಮುಟ್ಟದವಳನ್ನು ಕೇಳಿಕೊಂಡು ಬಂದವನು

ಶರಣ ಬಂಧುಗಳಿಗೆ ಉಮರ್ಗಾ ತಾಲೂಕಿನ ಒಬ್ಬ ಹೆಣ್ಣುಮಗಳ ಶರಣಾರ್ಥಿ. ನನ್ನ ಕೊರಳಿನ ಲಿಂಗ ಮುಂಬಯಿಯ ಬೀದಿಯಲ್ಲಿ ಹೋಯಿತು, ಮರುದಿನ ತಿರುಗಿ ಬಂತು. ಹೋದದ್ದರಲ್ಲಿ ನನ್ನ ದಡ್ಡತನವಿದೆ, ಬಂದದ್ದರಲ್ಲಿ ಶಿವನ ಕರುಣೆಯಿದೆ. ಎರಡನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ, ಶೀಗಿ ಹುಣ್ಣಿಮೆ ಕಳೆದ ಮೇಲೆ, ನಮ್ಮ ಯಜಮಾನರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಸೊಲ್ಲಾಪುರದ ಡಾಕ್ಟರು ಮುಟ್ಟಿ ನೋಡಿ, ಚೀಟಿ ಬರೆದುಕೊಟ್ಟು, ಮುಂಬಯಿಗೆ ಒಯ್ಯಿರಿ ಎಂದರು. ಯೆಣೆಗೂರಿನಲ್ಲಿ ಬಸ್ಸು ಹತ್ತುವಾಗ ಕಳಿಸಲು ಬಂದವರೆಲ್ಲ ಬುದ್ಧಿ ಹೇಳುವವರೇ. ಅದು ಬಂದರದ ಊರು, ಹಡಗಿನಿಂದ ಇಳಿದ ಮಾಲು ಎಂದು ಗಡಿಯಾರ ತೋರಿಸುತ್ತಾರೆ, ಒಳಗೆ ಯಂತ್ರವೇ ಇರುವುದಿಲ್ಲ. ಹಡಗು ತೋರಿಸುತ್ತೇನೆ ಬಾ ಎಂದವನ ಹಿಂದೆ ಹೋಗಬೇಡ. ಕೇಳದೆ ಗಂಟಿಗೆ ಕೈ ಹಾಕಿದವನಿಗೆ ಗಂಟು ಹೊರಿಸಬೇಡ. ಇಷ್ಟು ಹೇಳಿದವರಲ್ಲಿ ಒಬ್ಬರೂ ಸೊಲ್ಲಾಪುರ ದಾಟಿದವರಲ್ಲ. ಆದರೂ ಹೇಳಿದ್ದೆಲ್ಲ ಖರೆಯಾಗಿತ್ತು. ಸ್ಟೇಷನ್ನಿನ ಹೊರಗೆ ಮೂರು ತರಹದವರನ್ನೂ ಕಂಡೆ, ಮೂವರಿಂದಲೂ ತಪ್ಪಿಸಿಕೊಂಡೆ. ನನ್ನ ಜಾಣತನಕ್ಕೆ ನನಗೇ ಹೆಮ್ಮೆ ಬಂತು.

ಯಜಮಾನರನ್ನು ದವಾಖಾನೆಯಲ್ಲಿ ಸೇರಿಸಿಕೊಂಡರು. ನಾಲ್ಕನೆಯ ದಿನ ಆಪರೇಷನ್ ಎಂದರು. ನಾನು ಹತ್ತಿರದ ಧರ್ಮಶಾಲೆಯಲ್ಲಿ ಇಳಿದೆ. ಮರುದಿನ ಮುಂಜಾನೆ ಸ್ನಾನ, ಪೂಜೆ ಮುಗಿಸಿ ದವಾಖಾನೆಗೆ ನಡೆದು ಹೊರಟಿದ್ದಾಗ, ಹಣೆಯ ತುಂಬ ವಿಭೂತಿ ಹಚ್ಚಿದ ಒಬ್ಬ ಹಿರಿಯ ಎದುರು ಬಂದು ಶರಣು ಎಂದ. ಮುಂಬಯಿಯಲ್ಲಿ ನನಗೆ ಶರಣು ಎಂದವನು ಅವನೊಬ್ಬನೇ. ನನಗೆ ಜೀವ ಬಂದ ಹಾಗಾಯಿತು.

"ಅಕ್ಕಾ, ಸೊಲ್ಲಾಪುರ ಕಡಿಯವರೇನ್ರಿ? ಹುಷಾರಿ. ಈಗ ಮುಂದ ಒಬ್ಬಾಕಿ ಕೊರಳಾಗಿಂದು ಹರಕೊಂಡು ಹೋಗ್ಯಾರ. ಪೋಲಿಸ್ ಸಾಹೇಬ ನಿಂತಾನ ನೋಡ್ರಿ, ಎಲ್ಲಾರ ದಾಗೀನಾ ತೆಗಿಸಿ ಕಟ್ಟಿ ಕೊಡಲಿಕತ್ತಾನ."

ಖಾಕಿ ತೊಟ್ಟವನೊಬ್ಬ ನಿಂತಿದ್ದುದು ನಿಜ. ಬೆಳ್ಳಿ ಬಂಗಾರ ತೆಗೆದು ವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಎಂದು ಅವನು ಮರಾಠಿಯಲ್ಲಿ ಗದರಿಸಿದ. ಬಂಗಾರ ನಾನು ಊರಲ್ಲೇ ಬಿಟ್ಟು ಬಂದಿದ್ದೆ. ಮೈಮೇಲೆ ಇದ್ದದ್ದು ಬೆಳ್ಳಿಯ ಕರಡಿಗೆ ಒಂದೇ, ಅದರೊಳಗೆ ಲಿಂಗ.

"ಇದು ಲಿಂಗ ಅದರಿ. ಮೈಮ್ಯಾಲಿಂದ ತೆಗಿಯಂಗಿಲ್ಲ," ಎಂದೆ.

"ಖರೇ ಅದ ಅಕ್ಕಾ, ನಾನೂ ಲಿಂಗವಂತನೇ," ಎಂದು ವಿಭೂತಿಯವನು ತನ್ನ ಅಂಗಿಯೊಳಗಿಂದ ಕರಡಿಗೆ ತೆಗೆದು, ಕಣ್ಣಿಗೊತ್ತಿಕೊಂಡು, ಖಾಕಿಯವನ ಕೈಗಿಟ್ಟ. "ಹರಕೊಂಡು ಹೋದರ ಏನ್ ಮಾಡ್ತೀರಿ? ಒಂದು ನಿಮಿಷದ ಮಾತು."

ಲಿಂಗ ಹೋದೀತು ಎಂಬ ಹೆದರಿಕೆಯಿಂದಲೇ ಲಿಂಗ ತೆಗೆದುಕೊಟ್ಟೆ. ಖಾಕಿಯವನು ನನ್ನ ಕಣ್ಣೆದುರೇ ಗಂಟು ಹಾಕಿ ತಿರುಗಿ ಕೊಟ್ಟ. ನಾನು ಬಿಚ್ಚಿ ನೋಡಲಿಲ್ಲ. ಬೀದಿಯಲ್ಲಿ, ಧೂಳಿನ ಕೈಯಲ್ಲಿ ಲಿಂಗ ಮುಟ್ಟುವುದು ನಮ್ಮಲ್ಲಿ ಇಲ್ಲ. ದವಾಖಾನೆಯ ನಲ್ಲಿಯಲ್ಲಿ ಕೈಕಾಲು ತೊಳೆದು ಬಿಚ್ಚಿದರೆ ಒಳಗೆ ಮೂರು ಜಲ್ಲಿಕಲ್ಲು. ಕಳ್ಳರ ಹಾಗೆ ಕಾಣುವವರಿಂದ ನಾನು ಪಾರಾಗಿದ್ದೆ. ಕಾಯಲು ಬಂದವರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ.

ಇದನ್ನು ಓದುವವರಲ್ಲಿ ಬೇರೆ ಮತದವರಿದ್ದರೆ ತಿಳಿದಿರಲಿ. ಕೊರಳಲ್ಲಿ ಲಿಂಗವಿಲ್ಲದೆ, ಪೂಜೆಯಾಗದೆ, ನಾವು ಅನ್ನ ನೀರು ಮುಟ್ಟುವುದಿಲ್ಲ. ಊರಲ್ಲಾದರೆ ಗುರುಗಳ ಹತ್ತಿರ ಓಡಬಹುದು, ಅವರು ಬೇರೆ ಲಿಂಗ ಕಟ್ಟುತ್ತಾರೆ. ಮುಂಬಯಿಯಲ್ಲಿ ಗುರುವನ್ನು ಎಲ್ಲಿ ಹುಡುಕುವುದು? ಶರಣು ಎಂದವನೇ ಹೀಗೆ ಮಾಡಿದ ಮೇಲೆ ಯಾರನ್ನು ನಂಬಿ ದಾರಿ ಕೇಳುವುದು?

ಪೋಲಿಸ್ ಠಾಣೆಯಲ್ಲಿ ಬರೆದುಕೊಳ್ಳುವವನು ಬೆಳ್ಳಿ ಎಷ್ಟು ತೊಲ ಎಂದು ಕೇಳಿದ. ಬೆಳ್ಳಿ ಹೋಗಲಿ, ಒಳಗಿನದು ಬೇಕು ಎಂದೆ. ಒಳಗಿನದರ ಕಿಮ್ಮತ್ತು ಎಷ್ಟು ಎಂದ. ನನಗೆ ಹೇಳಲು ಬರಲಿಲ್ಲ, ಅವನಿಗೆ ಬರೆಯಲು ಬರಲಿಲ್ಲ. ಪಾಪ, ಒಳ್ಳೆಯವನು, ಕುಡಿಯಲು ನೀರು ತರಿಸಿದ. ಬೇಡ ಎಂದು ಎದ್ದು ಬಂದೆ.

ಯಜಮಾನರಿಗೆ ಹೇಳಬಾರದು ಎಂದುಕೊಂಡಿದ್ದೆ. ಮರುದಿನ ಮುಂಜಾನೆ ನನ್ನ ಒಣಗಿದ ತುಟಿ, ಬರಿಗೊರಳು ನೋಡಿ ಅವರೇ ತಿಳಿದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀ ನೀರ ಕುಡಿಯೋತನಾ ನಾ ಆಪರೇಷನ್ ಮಾಡಿಸ್ಕೊಳ್ಳಂಗಿಲ್ಲ. ನಾ ಒಳಗ ಬಿದ್ದಾಗ ನೀ ಹೊರಗ ಸತ್ತರ, ನಾ ಎದ್ದು ಏನ್ ಮಾಡ್ಲಿ?" ಎಂದು ಗೋಡೆಯ ಕಡೆ ಹೊರಳಿ ಮಲಗಿಬಿಟ್ಟರು.

ನಾಳೆಯ ಸರದಿ ತಪ್ಪಿದರೆ ಮುಂದಿನದು ತಿಂಗಳ ಮೇಲೆ, ಗಡ್ಡೆ ಅಷ್ಟು ದಿನ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಯಜಮಾನರ ಹಟ ನನಗೆ ಗೊತ್ತು. ನೀರು ಕುಡಿದರೆ ಶಿವನಿಗೆ ಎರವಾಗುತ್ತೇನೆ, ಕುಡಿಯದಿದ್ದರೆ ಗಂಡನಿಗೆ. ದವಾಖಾನೆಯ ಮೆಟ್ಟಿಲ ಮೇಲೆ ಕೂತು, ಲಿಂಗ ಹಿಡಿದ ಹಾಗೆ ಬರಿಯ ಅಂಗೈಯನ್ನು ಎದೆಮಟ್ಟಕ್ಕೆ ಹಿಡಿದು ಬೇಡಿಕೊಂಡೆ. "ತಂದೀ, ತಪ್ಪು ನಂದೇ ಅದ. ಬರೂದಿದ್ರ ಇವತ್ತೇ ಬಾ. ನಾಳೆ ಬಂದ್ರ ಏನೂ ಉಪಯೋಗಿಲ್ಲ." ನನ್ನ ಪ್ರಾರ್ಥನೆ ಅಷ್ಟೇ.

ಇಳಿಹೊತ್ತಿಗೆ ವಾರ್ಡಿನ ಆಯಾ ಒಬ್ಬನನ್ನು ಕರೆದುಕೊಂಡು ಬಂದಳು. ಗಡ್ಡ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಮುಸಲ್ಮಾನ. "ಹೀಚ್ ತೀ ಬಾಯಿ," ಇವಳೇ ಅವಳು, ಎಂದು ಆಯಾ ನನ್ನತ್ತ ಕೈಮಾಡಿದಳು. ಅವನು ನಾಲ್ಕು ಹೆಜ್ಜೆ ದೂರವೇ ನಿಂತು ನಮ್ಮ ಮಾತಿನಲ್ಲಿ ಕೇಳಿದ.

"ನೀರ ಮುಟ್ಟಲಾರದ ಕುಂತಾಕಿ ನೀವೇ ಏನ್ರಿ ಅವ್ವಾ?"

ಹಿಂದಿನ ಬೀದಿಯಲ್ಲಿ ಅವನದೊಂದು ಚಹಾದ ಅಂಗಡಿ. ಊರು ನಿಲಂಗಾ ಕಡೆಯ ಹಳ್ಳಿ. ಹೈದರಾಬಾದಿನ ಮೇಲೆ ದಂಡು ಬಂದ ಪೋಲಿಸ್ ಆಕ್ಷನ್ನಿನ ಗದ್ದಲದಲ್ಲಿ ಮನೆ ಸುಟ್ಟ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವನು ತಿರುಗಿ ಹೋಗಿರಲಿಲ್ಲ. ಹಿಂದಿನ ದಿನ ಇಬ್ಬರು ಚಹಾ ಕುಡಿದು ಎದ್ದು ಹೋದ ಮೇಲೆ ಅವನ ಬೆಂಚಿನ ಬುಡದಲ್ಲಿ ಲಿಂಗ ಬಿದ್ದಿತ್ತಂತೆ. ಬೆಳ್ಳಿ ಇಟ್ಟುಕೊಂಡು ಒಳಗಿನದನ್ನು ಚೆಲ್ಲಿದ್ದರು.

"ನಮ್ಮ ಬಾಜೂ ಮನಿ ಲಿಂಗಾಯತರದೇ ಇತ್ರಿ. ಇದು ಏನು ಅಂತ ನನಗ ಗೊತ್ತದ. ಕಳಕೊಂಡವರು ನೀರ ಮುಟ್ಟಿರಂಗಿಲ್ಲ ಅಂತನೂ ಗೊತ್ತದ. ಹೆಸರ ಗೊತ್ತಿಲ್ಲ, ಮಾರಿ ಗೊತ್ತಿಲ್ಲ, ಏನಂತ ಹುಡುಕ್ಲಿ? ಧರ್ಮಶಾಲಿಗೆ ಹೋದೆ, ಗುಡಿಗೆ ಹೋದೆ. ಹೋದಲ್ಲೆಲ್ಲ ಒಂದೇ ಕೇಳೀನ್ರಿ, ನೀರ ಕುಡಿಲಾರದ ಕುಂತವರು ಯಾರರೆ ಅದಾರೇನು ಅಂತ."

ಅಂಗಡಿ ಮುಚ್ಚಿ ಒಂದೂವರೆ ದಿನ ಹಾಗೆ ತಿರುಗಿದ್ದನಂತೆ. ಬಿಳಿ ವಸ್ತ್ರದ ಗಂಟನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದ. "ಕೈ ಹಚ್ಚಿಲ್ರಿ ಅವ್ವಾ. ವಸ್ತ್ರದಿಂದನೇ ಎತ್ತೀನಿ."

ಈ ಸಲ ಗಂಟು ಅಲ್ಲೇ ಬಿಚ್ಚಿದೆ. ಅಂಚಿನಲ್ಲಿ ನನ್ನ ಬೆರಳೇ ಸವೆಸಿದ ಗುರುತಿತ್ತು. ಬಂದು ಹೋಗುವವರೆಲ್ಲ ನಿಂತು ನೋಡುವಂತೆ ಅತ್ತೆ.

ಪೂಜೆಗೆ ನೀರು ಬೇಕು ಎಂದೆ. "ಆಯಾಗ ಹೇಳ್ತೀನ್ರಿ, ಆಕಿ ತರ್ತಾಳ. ನಾ ತಂದಿದ್ದು ನಿಮಗ ನಡ್ಯಂಗಿಲ್ಲ," ಎಂದ ಅವನು.

"ಲಿಂಗಾ ತಂದಾಂವ ನೀ. ನೀರೂ ನೀನೇ ತಾ ತಮ್ಮಾ," ಎಂದೆ.

ಅವನು ತಂದ ನೀರಿನಿಂದಲೇ ಲಿಂಗಪೂಜೆ ಮಾಡಿ, ಆ ನೀರನ್ನೇ ಕುಡಿದೆ. ಯಜಮಾನರಿಗೆ ಸುದ್ದಿ ಮುಟ್ಟಿಸಿದ್ದು ಆಯಾ. ಮರುದಿನ ಗಡ್ಡೆ ತೆಗೆದರು. ಈಗ ಅವರು ಹೊಲಕ್ಕೆ ಹೋಗುತ್ತಾರೆ, ಮೊದಲಿನಂತೆ ನನ್ನ ಸಂಗಡ ಜಗಳವನ್ನೂ ಆಡುತ್ತಾರೆ.

ಊರಿಗೆ ಬಂದಾಗ ಕೆಲವರು, ಲಿಂಗಕ್ಕೆ ಶುದ್ಧಿ ಮಾಡಿಸಿದೆಯಾ ಎಂದು ಕೇಳಿದರು. ಯಾರು ಮುಟ್ಟಿದ್ದಕ್ಕೆ, ವಿಭೂತಿ ಹಚ್ಚಿಕೊಂಡವನು ಮುಟ್ಟಿದ್ದಕ್ಕೋ, ವಸ್ತ್ರದಿಂದ ಎತ್ತಿದವನು ತಂದದ್ದಕ್ಕೋ ಎಂದೆ.

ನಾವು ಮುಂಬಯಿ ಬಿಡುವ ದಿನ, ನಿನಗೆ ಏನು ಕೊಡಲಿ ಎಂದು ಅವನನ್ನು ಕೇಳಿದ್ದೆ. "ನಮ್ಮವ್ವನ ಗೋರಿ ಊರಾಗೇ ಉಳದದರಿ. ಆ ಕಡಿ ಹೋದರ ಒಂದು ಕೊಡಾ ನೀರ ಹಾಕಿ ಬರ್ರಿ. ಒಂಬತ್ತು ವರ್ಷ ಆಯ್ತು, ಯಾರೂ ಹಾಕಿಲ್ಲ."

ಶಿವನು ನನ್ನ ಮೊರೆ ಕೇಳಿದ, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಗದ್ದಲದ ದಿನಗಳಲ್ಲಿ ನಮ್ಮೂರಿನ ಮುಸಲ್ಮಾನರ ಓಣಿಯಿಂದಲೂ ಕೂಗು ಕೇಳಿತ್ತು. ನಾನು ಕದ ಹಾಕಿಕೊಂಡು ಒಳಗೆ ಲಿಂಗಪೂಜೆಗೆ ಕೂತಿದ್ದೆ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ವರ್ಷಕ್ಕೊಮ್ಮೆ ನಾವಿಬ್ಬರೂ ನಿಲಂಗಾ ಬಸ್ಸು ಹಿಡಿದು ಹೋಗಿಬರುತ್ತೇವೆ. ಬಾವಿಗೂ ಗೋರಿಗೂ ದೂರ ಬಹಳ. ಯಜಮಾನರು ಕೈ ಚಾಚುತ್ತಾರೆ, ಆದರೂ ಆ ಕೊಡವನ್ನು ನಾನು ಅವರಿಗೆ ಕೊಡುವುದಿಲ್ಲ. ನಾನೇ ಹೊರುತ್ತೇನೆ.