ಮುಚ್ಚಳದಕ್ಕ

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಡಿಸೈನ್ ವಿಭಾಗದ ಹಿರಿಯರವರೆಗೆ ಎಲ್ಲರ ಬಾಯಲ್ಲೂ ಅವಳು ಮುಚ್ಚಳದಕ್ಕ. ಇಲ್ಲಿಗೆ ಬರುವ ಮುಂಚೆ ಹನ್ನೆರಡು ವರ್ಷ ಅವಳು ಪ್ಲಾಸ್ಟಿಕ್ ಅಚ್ಚು ಮಾಡುವ ಒಂದು ಶೆಡ್ಡಿನಲ್ಲಿ ದುಡಿದಿದ್ದಳು. ಬಕೆಟ್ಟು, ಡಬ್ಬಿ, ಎಣ್ಣೆ ಕ್ಯಾನು ಎಲ್ಲದಕ್ಕೂ ಅಲ್ಲಿ ಅಚ್ಚಿನ ನಕ್ಷೆ ಬರೆಯುತ್ತಿದ್ದರು. ಮುಚ್ಚಳಗಳ ಪಾಲು ಮಾತ್ರ ಯಾವಾಗಲೂ ಅವಳದು. ಡಬ್ಬಿ ಯಾರು ಬೇಕಾದರೂ ಬರೆಯಬಹುದು, ಮುಚ್ಚಳ ಸರಿಯಾಗಿ ಕೂರಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ ಎಂದು ಶೆಡ್ಡಿನ ಯಜಮಾನ ಹೇಳುತ್ತಿದ್ದ. ಸಂಬಳ ಜಾಸ್ತಿ ಮಾಡಲಾಗದವನು ಹೊಗಳಿಕೆಗೆ ಏಕೆ ಬರ ಮಾಡಿಯಾನು?

ಕಾರಿನ ಸ್ಟೀರಿಂಗ್ ತಯಾರಿಸುವ ಈ ಕಾರ್ಖಾನೆಗೆ ಸಂದರ್ಶನಕ್ಕೆ ಬಂದಾಗ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ.

"ತಾನಾಗೇ ಬಿಚ್ಕೊಳ್ಳೋ ಮುಚ್ಚಳ ಯಾವತ್ತಾದ್ರೂ ಮಾಡಿದ್ದೀರಾ?"

"ಬೇಕಾದಷ್ಟು ಮಾಡಿದ್ದೀನಿ ಸರ್. ಎಲ್ಲಾ ವಾಪಸ್ ಬಂದಿವೆ."

ಹಿರಿಯರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಮಾರನೆಯ ವಾರ ಅವಳು ಕೆಲಸಕ್ಕೆ ಸೇರಿದಳು.

ಅಲ್ಲಿ ಅವಳು ಮಾಡಬೇಕಾಗಿದ್ದದ್ದು ಸ್ಟೀರಿಂಗ್ ಚಕ್ರದ ನಡುವೆ ಕೂರುವ ಮುಚ್ಚಳ. ಮೇಲೆ ಕಾರಿನ ಕಂಪನಿಯ ಲಾಂಛನ, ಒತ್ತಿದರೆ ಹಾರ್ನ್. ಕೆಳಗೆ ಮಡಿಸಿ ಮಡಿಸಿ ಅಂಗೈಯಗಲಕ್ಕೆ ಇಳಿಸಿಟ್ಟ ಬಟ್ಟೆಯ ಚೀಲ. ಅದೇ ಏರ್‌ಬ್ಯಾಗ್. ಗಾಡಿ ಗುದ್ದಿದರೆ ಆ ಚೀಲ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿ, ಮುಚ್ಚಳವನ್ನು ಹರಿದುಕೊಂಡು ಹೊರಬಂದು, ಮುಖಕ್ಕೂ ಚಕ್ರಕ್ಕೂ ನಡುವೆ ನಿಲ್ಲಬೇಕು. ಎಲ್ಲಿ ಹರಿಯಬೇಕು ಎಂದು ಮುಚ್ಚಳಕ್ಕೆ ಹೇಳಿಕೊಡುವುದು ಅದರ ಒಳಮೈಯ ಒಂದು ಗೆರೆ. ಉಳಿದ ಕಡೆ ಮೂರು ಮಿಲಿಮೀಟರ್ ದಪ್ಪ ಇದ್ದರೆ ಆ ಗೆರೆಯ ಮೇಲೆ ಅರ್ಧ ಮಿಲಿಮೀಟರ್. ಇನ್ನೂ ತೆಳ್ಳಗಾದರೆ ಎರಡು ಬೇಸಿಗೆ ಕಳೆಯುವುದರೊಳಗೆ ಬಿಸಿಲಿಗೆ ಬಿರಿಯುತ್ತದೆ. ದಪ್ಪಗಾದರೆ ಚೀಲ ಒಳಗೇ ತಿಣುಕುತ್ತದೆ. ಹೊರಗಿನಿಂದ ನೋಡಿದವರಿಗೆ ಗೆರೆಯ ಸುಳಿವೇ ಸಿಗಬಾರದು. ಇದರ ಮೇಲೆ ಸಂದಿನ ಕಾಟ ಬೇರೆ. ಮುಚ್ಚಳಕ್ಕೂ ಚಕ್ರದ ತೋಳಿಗೂ ನಡುವೆ ಸುತ್ತಲೂ ಒಂದೇ ಸಮ, ಒಂದು ಮಿಲಿಮೀಟರ್ ಸಂದು. ಅವಳು ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಆ ಸಂದಿಗೆ ಇಳಿಸಿ ಸುತ್ತ ಎಳೆಯುತ್ತಿದ್ದಳು. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡಿತೋ, ಆ ದಿನ ಅವಳ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಅವಳ ಗಂಡ ಟ್ಯಾಕ್ಸಿ ಓಡಿಸುತ್ತಿದ್ದ. ಮಾತಿನ ಮಲ್ಲ. ಅವಳು ವಾರವಿಡೀ ಆಡುವಷ್ಟನ್ನು ಅವನು ಒಂದು ಸಿಗ್ನಲ್ಲಿನಲ್ಲಿ ಆಡಿ ಮುಗಿಸುತ್ತಿದ್ದ. ಹೊಸ ಗಾಡಿ ಕೊಳ್ಳುವಾಗ ಹುಡುಕಿ ಹುಡುಕಿ ಹೆಂಡತಿಯ ಮುಚ್ಚಳ ಇರುವ ಗಾಡಿಯನ್ನೇ ತಂದ. ಹತ್ತಿದವರಿಗೆಲ್ಲ ಸ್ಟೀರಿಂಗ್ ತಟ್ಟಿ ತೋರಿಸಿ, "ಇದು ನಮ್ಮ ಮನೇಲಿ ಆದ ಕೆಲಸ" ಎನ್ನುತ್ತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಒಂದು ದಿನ ಎಲ್ಲಿಂದಲೋ ತಗಡಿನ ಅಂಚಿನ ಪುಟ್ಟ ದುಂಡು ಗಡಿಯಾರ ತಂದು, ಎರಡೂ ಕಡೆ ಅಂಟುವ ಟೇಪು ಹಾಕಿ, ಲಾಂಛನದ ಕೆಳಗೆ, ಮುಚ್ಚಳದ ನಟ್ಟನಡುವೆ ಅಂಟಿಸಿದ.

ಅವಳು ನೋಡಿದ ಕೂಡಲೇ ಕಿತ್ತು ಅವನ ಕೈಗಿಟ್ಟಳು.

"ರೀ, ಇದರ ಕೆಳಗೆ ಏನಿದೆ ಅಂತ ಗೊತ್ತಲ್ವಾ? ಗುದ್ದಿದ್ರೆ ಈ ಗಡಿಯಾರ ನೆಟ್ಟಗೆ ನಿಮ್ಮ ಮುಖಕ್ಕೇ ಬರತ್ತೆ."

"ನಮ್ಮ ಮನೆ ಮುಚ್ಚಳ ಕಣೇ, ನಮ್ಮ ಮೇಲೇ ತಿರುಗಿ ಬೀಳತ್ತಾ?"

"ಅದಕ್ಕೇನು ಗೊತ್ತು ನೀವ್ಯಾರು ಅಂತ?"

ಮೂರು ದಿನ ಬಿಟ್ಟು ನೋಡಿದರೆ ಗಡಿಯಾರ ಮತ್ತೆ ಅಲ್ಲೇ. ಮತ್ತೆ ಕಿತ್ತಳು. ಅವನು ಇನ್ನೂ ಗಟ್ಟಿ ಟೇಪು ತಂದ. ಜಪ್ಪಯ್ಯ ಅಂದರೂ ಬಿಡುವ ಆಸಾಮಿಯಲ್ಲ. ಮೂರನೆಯ ಸಲ ಅವಳು ಕೀಳಲಿಲ್ಲ. ಹೊಸ ಮಾದರಿಯೊಂದರ ಪರೀಕ್ಷೆ ನಡೆಯುತ್ತಿತ್ತು, ಮೈನಸ್ ಮೂವತ್ತೈದು ಡಿಗ್ರಿ ಚಳಿಯಲ್ಲಿ ಮುಚ್ಚಳದ ಒಂದು ಮೂಲೆ ಚೂರಾಗಿ ಸಿಡಿಯುತ್ತಿತ್ತು, ತಲೆಯೆಲ್ಲ ಅಲ್ಲೇ ಇತ್ತು. ಮನೆಯ ಗಡಿಯಾರ ಅವಳ ಗಮನದಿಂದ ಜಾರಿಹೋಯಿತು.

ಅದಾಗಿ ಐದು ತಿಂಗಳಿಗೆ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಮೇಲ್ಸೇತುವೆಯ ಇಳಿಜಾರಿನಲ್ಲಿ ಮುಂದಿದ್ದ ನೀರಿನ ಟ್ಯಾಂಕರ್ ಗಕ್ಕನೆ ನಿಂತಿತು. ಅವನು ಬ್ರೇಕ್ ಒತ್ತಿದ, ಆದರೂ ಗಾಡಿ ಹೋಗಿ ಗುದ್ದಿತು. ಬೆಲ್ಟ್ ಹಾಕಿದ್ದ. ಹಿಂದೆ ಕೂತಿದ್ದ ಪ್ರಯಾಣಿಕರ ಬ್ಯಾಗು ಕೆಳಗೆ ಬಿದ್ದದ್ದು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ. ಚೀಲ ಉಬ್ಬಿತು, ಮುಚ್ಚಳ ಹರಿಯಿತು, ಗಡಿಯಾರದ ತಗಡಿನ ಅಂಚು ಅವನ ಎಡಗಣ್ಣಿಗೆ ಬಡಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು: "ಆ ವಸ್ತು ಇಲ್ದೇ ಇದ್ದಿದ್ರೆ ಮೂಗು ಕೆಂಪಾಗಿ ಮನೆಗೆ ಹೋಗಿರೋರು ಅಷ್ಟೆ." ಎರಡು ಶಸ್ತ್ರಚಿಕಿತ್ಸೆ ಮಾಡಿದರು. ಕೊನೆಗೆ ಆ ಕಣ್ಣಿಗೆ ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ಉಳಿಯಿತು.

ಅವಳು ಅಳಲಿಲ್ಲ. 'ನಾನು ಹೇಳಿರಲಿಲ್ವಾ' ಎಂಬ ಮಾತು ನಾಲಿಗೆಯ ತುದಿಗೆ ಎಷ್ಟು ಸಲ ಬಂದಿತ್ತೋ, ಅಷ್ಟೂ ಸಲ ನುಂಗಿಕೊಂಡಳು. ಬಾಯಿಬಿಟ್ಟವರು ಅತ್ತೆ. ಮಗನ ತಲೆದಿಂಬು ಸರಿಮಾಡುತ್ತಾ, ಗೋಡೆಗೆ ಹೇಳುವವರಂತೆ ಹೇಳಿದರು: "ಗಂಡನ ಗಾಡೀಲಿ ಒಂದು ಗಡಿಯಾರ ಕೀಳೋಕ್ಕಾಗಲಿಲ್ಲ, ಊರಿನ ಗಾಡಿಗೆಲ್ಲ ಮುಚ್ಚಳ ಮಾಡ್ತಾಳಂತೆ."

ಗಂಡ ಬ್ಯಾಂಡೇಜಿನ ಒಳಗಿಂದಲೇ, "ಅಮ್ಮ, ಸುಮ್ನಿರು. ಎರಡು ಸಲ ಕಿತ್ತಳು, ಅಂಟಿಸಿದ್ದು ನಾನು" ಎಂದ. ಆ ವಿಷಯದಲ್ಲಿ ಅವನು ಆಡಿದ ಮಾತು ಅದೊಂದೇ. ಆದರೆ ಅವಳಿಗೆ ಅತ್ತೆಯ ಮಾತು ತಪ್ಪು ಅನ್ನಿಸಲಿಲ್ಲ. ಮೂರನೆಯ ಸಲ ಕೀಳಬಹುದಿತ್ತಲ್ಲ.

ವಾರ ಕಳೆದ ಮೇಲೆ ಒಬ್ಬಳೇ ಗ್ಯಾರೇಜಿಗೆ ಹೋದಳು. ಗಾಡಿ ಹಿತ್ತಲಲ್ಲಿ ಮೂತಿ ಜಜ್ಜಿಸಿಕೊಂಡು ನಿಂತಿತ್ತು. ಸ್ಟೀರಿಂಗಿನಿಂದ ಬಿಳಿ ಚೀಲ ಗಾಳಿ ಹೋಗಿ ಜೋತುಬಿದ್ದಿತ್ತು. ಮುಚ್ಚಳ ಎರಡು ಬಾಗಿಲಿನ ಹಾಗೆ ತೆರೆದುಕೊಂಡಿತ್ತು. ಎಳ್ಳಷ್ಟೂ ಆಚೀಚೆ ಆಗದೆ, ಅವಳು ಬರೆದ ಗೆರೆಯ ಮೇಲೇ. ಗುದ್ದಿದ ಗಾಡಿಯೊಳಗೇ ತನ್ನ ಕೆಲಸ ತೆರೆದದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅಂಚಿನ ಮೇಲೆ ಬೆರಳಾಡಿಸಿದಳು. ಒಂದು ಕ್ಷಣ, ಒಂದೇ ಕ್ಷಣ, ಹೆಮ್ಮೆಯಾಯಿತು. ಬಲಗಡೆಯ ಬಾಗಿಲಿಗೆ ಟೇಪಿನ ಚೂರೊಂದು ಇನ್ನೂ ಅಂಟಿಕೊಂಡಿರುವುದು ಆಮೇಲೆ ಕಣ್ಣಿಗೆ ಬಿತ್ತು. ಮೆಕ್ಯಾನಿಕ್ಕನನ್ನು ಕೇಳಿ ಮುಚ್ಚಳ ಬಿಚ್ಚಿಸಿಕೊಂಡು, ಪೇಪರಿನಲ್ಲಿ ಸುತ್ತಿ ಕಾರ್ಖಾನೆಗೆ ತಂದಳು.

ಅಪಘಾತವಾದ ಗಾಡಿಗಳ ಮುಚ್ಚಳ ಆಗಾಗ ಅವರಲ್ಲಿಗೆ ಬರುವುದಿತ್ತು. ಅದಕ್ಕೊಂದು ನಮೂನೆ ಇತ್ತು, ತುಂಬಿದಳು. 'ಮುಚ್ಚಳ ನಿಗದಿತ ಗೆರೆಯಲ್ಲಿ ತೆರೆದಿದೆ. ಗಾಯಕ್ಕೆ ಕಾರಣ ಹೊರಗಿನಿಂದ ಅಂಟಿಸಿದ ವಸ್ತು.'

"ಯಾರ ಗಾಡಿದು?" ಎಂದು ಕೇಳಿದರು ಹಿರಿಯರು.

"ಒಬ್ಬ ಟ್ಯಾಕ್ಸಿ ಡ್ರೈವರ್‌ದು."

"ಪಾಪ. ನಮ್ಮ ತಪ್ಪಿಲ್ಲವಲ್ಲ. ಫೈಲ್ ಮುಚ್ಚಿಬಿಡಿ."

ಗಂಡನಿಗೆ ಪೆಟ್ಟಾಗಿದೆ ಎಂದು ರಜೆ ಚೀಟಿಯಲ್ಲಿ ಬರೆದಿದ್ದಳೇ ಹೊರತು ಹೇಗೆ ಎಂದು ಯಾರಿಗೂ ಹೇಳಿರಲಿಲ್ಲ. ಅವಳು ಫೈಲು ಮುಚ್ಚಲಿಲ್ಲ. ಮೂರು ಭಾನುವಾರ ರೈಲು ನಿಲ್ದಾಣದ ಮುಂದಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ ನಿಂತ ಗಾಡಿಗಳ ಒಳಗೆ ಇಣುಕಿದಳು. ಕೆಲವು ಡ್ರೈವರುಗಳು ಪೊಲೀಸಿನವಳು ಎಂದುಕೊಂಡರು. ನೂರಾ ಹನ್ನೆರಡು ಗಾಡಿ ನೋಡಿದಳು. ನಲವತ್ತೊಂದರಲ್ಲಿ ಮುಚ್ಚಳದ ಮೇಲೆ ಏನಾದರೂ ಇತ್ತು: ಗಡಿಯಾರ, ಕನ್ನಡಿ, ಮೊಬೈಲು ನಿಲ್ಲಿಸುವ ಕ್ಲಿಪ್ಪು, ಮಕ್ಕಳ ಫೋಟೋದ ಹಿತ್ತಾಳೆ ಚೌಕಟ್ಟು. "ಇಷ್ಟು ಒಳ್ಳೇ ಜಾಗ ಖಾಲಿ ಬಿಡೋದು ಯಾಕಮ್ಮ?" ಎಂದು ಒಬ್ಬ ವಯಸ್ಸಾದ ಡ್ರೈವರು ಕೇಳಿದ.

ಆ ಮಾತು ಅವಳಿಗೆ ನಾಟಿತು. ಜಾಗ ಕೊಟ್ಟವಳು ತಾನೇ. ಅಂಗೈಯಷ್ಟು ಅಗಲದ, ಕನ್ನಡಿಯಂಥ ನುಣುಪಾದ, ಸಪಾಟು ಜಾಗ. ಹೊಸ ಮಾದರಿಯ ನಕ್ಷೆ ಅಷ್ಟರಲ್ಲಿ ಮುಗಿಯುತ್ತಾ ಬಂದಿತ್ತು. ಅದನ್ನು ಬಿಚ್ಚಿಟ್ಟುಕೊಂಡು ಮತ್ತೆ ಶುರು ಮಾಡಿದಳು. ಲಾಂಛನದ ಕೆಳಗಿನಿಂದ ಬೆನ್ನುಮೂಳೆಯ ಹಾಗೆ ಉಬ್ಬಿದ ಒಂದು ಏಣನ್ನು ಎಬ್ಬಿಸಿದಳು, ಎರಡೂ ಪಕ್ಕ ಇಳಿಜಾರು ಮಾಡಿದಳು, ಮೇಲ್ಮೈಗೆ ಟೇಪು ಹಿಡಿಯದ ಒರಟು ಕೊಟ್ಟಳು. ಹೆಬ್ಬೆರಳಿನ ಉಗುರಿಗಿಂತ ದೊಡ್ಡ ಸಪಾಟು ಜಾಗ ಎಲ್ಲೂ ಉಳಿಯಲಿಲ್ಲ.

ಕಾರು ಕಂಪನಿಯಿಂದ ಬಂದಿದ್ದ ಅಧಿಕಾರಿಗೆ ಮೆಚ್ಚುಗೆಯಾಗಲಿಲ್ಲ. "ಇದೇನು, ಸ್ಟೀರಿಂಗ್ ಮಧ್ಯೆ ಬೆಟ್ಟ ಎದ್ದಿದೆ? ಈಗ ಎಲ್ಲರೂ ಸಪಾಟಾಗಿರೋದನ್ನೇ ಕೇಳ್ತಾರೆ." ಹಿರಿಯರೂ ಅವನ ಕಡೆಗೇ ತಲೆಯಾಡಿಸಿದರು. "ಜನ ಏನು ಅಂಟಿಸ್ತಾರೆ ಅನ್ನೋದು ನಮ್ಮ ಜವಾಬ್ದಾರಿ ಅಲ್ಲ. ಅಂಟಿಸಬೇಡಿ ಅಂತ ಗಾಡಿ ಜೊತೆ ಕೊಡೋ ಪುಸ್ತಕದಲ್ಲಿ ಬರೆದಿದೆಯಲ್ಲ."

"ಬರೆದಿದೆ ಸರ್. ಪುಟ ನೂರಾ ಎಂಬತ್ತಾರು. ಓದಿದವರು ಯಾರಾದ್ರೂ ಇದ್ದಾರಾ?"

ಅವಳು ಮೇಜಿನ ಖಾನೆಯಿಂದ ಪೇಪರಿನ ಪೊಟ್ಟಣ ತೆಗೆದು, ಹರಿದ ಮುಚ್ಚಳವನ್ನು ಅವರ ಮುಂದಿಟ್ಟಳು.

"ಇದು ನಮ್ಮ ಯಜಮಾನರ ಗಾಡಿದು. ನಾನು ಎರಡು ಸಲ ಬಾಯಿಬಿಟ್ಟು ಹೇಳಿದೆ. ಎದುರಿಗೇ ಹೇಳೋ ಹೆಂಡ್ತಿ ಮನೇಲಿರೋರಿಗೇ ಹೀಗಾದ್ರೆ, ಪುಸ್ತಕ ಯಾವ ಲೆಕ್ಕ ಸರ್?"

ಹಿರಿಯರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು. ಟೇಪಿನ ಚೂರು ಕಂಡಿತು. ಅವಳ ಮುಖ ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಚಹಾ ತರಿಸ್ತೀನಿ, ಇನ್ನೊಂದು ಗಂಟೆ ಕೂತ್ಕೊಳ್ಳೋಣ" ಎಂದರು.

ಒಂದು ಗಂಟೆ ನಾಲ್ಕಾಯಿತು. ಗೆದ್ದಳು ಎನ್ನುವಂತಿಲ್ಲ, ಸೋತಳು ಎನ್ನುವಂತೆಯೂ ಇಲ್ಲ. ಏಣಿನ ಎತ್ತರ ಒಂಬತ್ತು ಮಿಲಿಮೀಟರಿನಿಂದ ಐದಕ್ಕೆ ಇಳಿಯಿತು, ಒರಟು ಮೈ ಉಳಿಯಿತು. ಅದೂ ಒಂದೇ ಮಾದರಿಯ ಗಾಡಿಗೆ. ಆ ಗಾಡಿ ರಸ್ತೆಗೆ ಬಂದ ಮೇಲೆ ಅವಳು ಮತ್ತೆ ಸ್ಟ್ಯಾಂಡಿಗೆ ಹೋಗಿ ನೋಡಿದಳು. ಆ ಮಾದರಿಯ ಇಪ್ಪತ್ತಮೂರು ಗಾಡಿಯಲ್ಲಿ ಇಪ್ಪತ್ತೆರಡು ಬರಿದಾಗಿದ್ದವು. ಒಬ್ಬ ಮಾತ್ರ ಆ ಏಣಿನ ಆಕಾರಕ್ಕೆ ಹೊಂದುವಂತೆ ರಬ್ಬರು ಕೊರೆದು ಅದರ ಮೇಲೆ ಕನ್ನಡಿ ಕೂರಿಸಿದ್ದ. ಕೆಲಸ ಅಚ್ಚುಕಟ್ಟಾಗಿತ್ತು. ಅವಳು ಅವನಿಗೆ ಅರ್ಧ ಗಂಟೆ ವಿವರಿಸಿದಳು. ತೆಗೆದನೋ ಇಲ್ಲವೋ ಗೊತ್ತಿಲ್ಲ.

ಬಾಡಿಗೆ ಗಾಡಿ ಓಡಿಸುವ ಗಂಡನ ಪರವಾನಗಿ ಹೋಯಿತು. ನಾಲ್ಕು ತಿಂಗಳು ಮನೆಯಲ್ಲಿ ಕೂತ. ಮಾತಿನ ಮಲ್ಲ ಮೂಕನಾದದ್ದನ್ನು ನೋಡುವುದು ಅವಳಿಗೆ ಕಣ್ಣು ಹೋದದ್ದಕ್ಕಿಂತ ಕಷ್ಟವಾಯಿತು. ಆಮೇಲೆ ಅವನ ಸ್ನೇಹಿತರೇ ಸ್ಟ್ಯಾಂಡಿನ ಫೋನು ನೋಡಿಕೊಳ್ಳುವ ಕೆಲಸ ಕೊಡಿಸಿದರು. ಯಾವ ಗಾಡಿ ಎಲ್ಲಿಗೆ ಹೋಗಬೇಕು ಎಂದು ಕೂತಲ್ಲಿಂದ ಹೇಳುವುದು. ಬಾಯಿಗೆ ಕೆಲಸ ಸಿಕ್ಕಿದ ಮೇಲೆ ಮನುಷ್ಯ ಮೆಲ್ಲಮೆಲ್ಲಗೆ ಮೊದಲಿನಂತಾದ.

ಗಾಡಿ ರಿಪೇರಿಯಾಗಿ ಬಂತು. ಮಾರಲು ಅವನಿಗೆ ಮನಸ್ಸಿಲ್ಲ, ಓಡಿಸಲು ಕಣ್ಣಿಲ್ಲ. ಬಾಗಿಲಲ್ಲಿ ಧೂಳು ತಿನ್ನುತ್ತಾ ನಿಂತಿತು. ಆಗ ಮನೆಯವರಿಗೆಲ್ಲ ಒಟ್ಟಿಗೆ ನೆನಪಾಯಿತು, ಹದಿನಾಲ್ಕು ವರ್ಷದಿಂದ ಸ್ಟೀರಿಂಗ್ ಮಾಡುತ್ತಿರುವ ಇವಳಿಗೆ ಗಾಡಿ ಓಡಿಸಲು ಬರುವುದಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಸೇರಿದಳು. ಕಲಿಸುವವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ: "ಮೇಡಂ, ಸ್ಟೀರಿಂಗ್ ನೋಡಬೇಡಿ, ರಸ್ತೆ ನೋಡಿ." ಅವಳು ನೋಡುತ್ತಿದ್ದದ್ದು ಬೇರೆ ಯಾರೋ ಮಾಡಿದ ಮುಚ್ಚಳದ ಸಂದನ್ನು. ಅದು ಕೆಳಗಡೆ ಅಗಲವಾಗಿತ್ತು.

ಮೊದಲ ಪರೀಕ್ಷೆಯಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿ ಫೇಲಾದಳು. ಎರಡನೆಯದರಲ್ಲಿ ಪಾಸಾದಳು. ಒಂದು ಸಂಗತಿ ಅವಳಿಗೆ ಓಡಿಸಿದ ಮೇಲೇ ಗೊತ್ತಾಯಿತು. ನಕ್ಷೆಯಲ್ಲಿ ಕೈಗಳು ಇರುವುದು ಒಂದು ಕಡೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಇರುವುದು ಇನ್ನೊಂದು ಕಡೆ. ಬೇಜಾರಾದ ಹೆಬ್ಬೆರಳು ಮುಚ್ಚಳದ ಅಂಚಿಗೆ ಹೋಗಿ ಕೂರುತ್ತದೆ, ಕೆರೆಯುತ್ತಾ ಇರುತ್ತದೆ. ಅಂಚು ಉಗುರನ್ನು ಕಚ್ಚುತ್ತಿತ್ತು. ಮಾರನೆಯ ದಿನ ಆಗ ಕೈಯಲ್ಲಿದ್ದ ನಕ್ಷೆಯ ಅಂಚನ್ನು ಇನ್ನಷ್ಟು ದುಂಡು ಮಾಡಿದಳು. ಅಚ್ಚು ಆಗಲೇ ಕೊರೆದಾಗಿತ್ತು. ಅಚ್ಚಿನವನು ಗೊಣಗಿಕೊಂಡು ಎರಡು ದಿನ ತಿದ್ದಿದ.

ಈಗ ದಿನಾ ಬೆಳಿಗ್ಗೆ ಗಂಡನನ್ನು ಸ್ಟ್ಯಾಂಡಿನಲ್ಲಿ ಇಳಿಸಿ ಅವಳು ಕಾರ್ಖಾನೆಗೆ ಹೋಗುತ್ತಾಳೆ. ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿಲ್ಲ. ಗೇರ್ ಬದಲಾಯಿಸು, ಅವನಿಗೆ ದಾರಿ ಬಿಡು, ಇದೇನು ಮದುವೆ ಮೆರವಣಿಗೆನಾ. ಅವಳು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ. ಅವನು ಕೂರುವುದು ಎಡಗಡೆ, ಕಾಣದ ಕಣ್ಣೂ ಎಡಗಡೆಯದೇ. ಸ್ಟ್ಯಾಂಡ್ ಬಂದಾಗ ಅವನು ಮಾತು ನಿಲ್ಲಿಸಿ, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಸುಮ್ಮನೆ ಕಾಯುತ್ತಾನೆ. ಅವಳು ಅವನ ಬದಿಯ ಕನ್ನಡಿಯಲ್ಲಿ ಹಿಂದೆ ನೋಡಿ, ಸೈಕಲ್ಲಿನವರನ್ನು ಮುಂದೆ ಹೋಗಲು ಬಿಟ್ಟು, "ಈಗ ಇಳೀರಿ" ಎನ್ನುತ್ತಾಳೆ. ಆಗ ಇಳಿಯುತ್ತಾನೆ.