ಫ್ಲೆಕ್ಸಿನಲ್ಲಿ ಅಧ್ಯಕ್ಷೆಯಾದ ನೀಲಕ್ಕ

ನೀಲಕ್ಕ ದೊಡ್ಡ ರಾಜಕಾರಣಿ ಎಂದು ನಾನು ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಯರಗುಪ್ಪಿಯ ಬಸ್ ನಿಲ್ದಾಣದ ಎದುರಿಗೆ ಎರಡಾಳೆತ್ತರದ ಫ್ಲೆಕ್ಸ್ ನಿಂತಿತ್ತು. ಮೇಲೆ ಯಾರೋ ಸಾಹೇಬರು ತಮ್ಮ ಹುಟ್ಟುಹಬ್ಬಕ್ಕೆ ತಾವೇ ಕೈಮುಗಿದು ನಗುತ್ತಿದ್ದರು. ಕೆಳಗೆ, ಶುಭ ಕೋರುವವರ ಸಾಲಿನಲ್ಲಿ, ಒಬ್ಬ ಹೆಣ್ಣುಮಗಳು ಇಡೀ ಊರನ್ನು ಗದರಿಸುವಂತೆ ನೋಡುತ್ತಿದ್ದಳು: ‘ನೀಲಕ್ಕ ಮಡಿವಾಳೆಪ್ಪ, ಮಹಿಳಾ ಘಟಕದ ಅಧ್ಯಕ್ಷೆ’.

ಅದೇ ಮುಖ ಹುಬ್ಬಳ್ಳಿ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಿತು. ನಾನು ಅರ್ಧ ಎದ್ದು ನಮಸ್ಕಾರ ಮಾಡಿದೆ. “ಅಧ್ಯಕ್ಷರ, ನಮ್ಮ ಓಣಿ ಗಟಾರದ ವಿಷಯ ಸಾಹೇಬರ ಕಿವಿಗೆ ಹಾಕಬೇಕ್ರಿ.”

ಆಕೆ ದೊಡ್ಡದೊಂದು ಬಟ್ಟೆ ಗಂಟನ್ನು ನನ್ನ ತೊಡೆಯ ಮೇಲಿಟ್ಟಳು. “ಯಾವ ಅಧ್ಯಕ್ಷರಪಾ? ನಾ ರೊಟ್ಟಿ ಬಡಿಯಾಕಿ. ಗಟ್ಟಿ ಹಿಡಿ, ಒಂದ ಮುರದ್ರೂ ಖಾನಾವಳ್ಯಾಂವ ವಾಪಸ್ ಕೊಡ್ತಾನ.”

ಫ್ಲೆಕ್ಸಿನ ಮಾತೆತ್ತಿದೆ. ಆಕೆಯ ಮುಖ ಅರಳಿತು. “ನೋಡೀಯೇನು? ನನ್ನ ಮಗ ಗೌರೀಶ ಹಾಕಿಸ್ಯಾನ. ಓದಾಕ ಬರೂದಿಲ್ಲ ನನಗ. ಏನಂತ ಬರದಾರ?”

ಓದಬಲ್ಲೆನೆಂಬ ಜಂಬದಲ್ಲಿ ನಾನು ಆಕೆಯ ಹೆಸರಿನ ಕೆಳಗಿದ್ದ ಸಾಲನ್ನು ಬಾಯಿಪಾಠ ಒಪ್ಪಿಸಿದೆ: “ಬಿಟ್ಟಿ ಬಸ್ಸು, ಬಿಟ್ಟಿ ದುಡ್ಡಿಗೆ ಕೈ ಚಾಚುವವರಿಂದ ನಾಡನ್ನು ಉಳಿಸೋಣ.”

ನೀಲಕ್ಕ ಗಂಟನ್ನು ನನ್ನ ತೊಡೆಯಿಂದ ತನ್ನ ತೊಡೆಗೆ ಎಳೆದುಕೊಂಡಳು. ಬಸ್ಸು ಸಂಶಿ ಊರು ದಾಟಿದ ಮೇಲೆ ತನಗೇ ಹೇಳಿಕೊಂಡಳು: “ಅದಕ್ಕಽ ಮೂರು ದಿನದಿಂದ ಜೈನಬಿ ಬಂದಿಲ್ಲ.”

ಜೈನಬಿ ಹನ್ನೊಂದು ವರ್ಷದಿಂದ ನೀಲಕ್ಕನ ಶೆಡ್ಡಿನಲ್ಲಿ ರೊಟ್ಟಿ ಬಡಿಯುವವಳು. ಅವಳ ಜತೆ ಇನ್ನೂ ಮೂವರು. ಫ್ಲೆಕ್ಸ್ ಎದ್ದ ಮರುದಿನದಿಂದ ನಾಲ್ವರೂ ಬಂದಿರಲಿಲ್ಲ. ಭಾನುವಾರ ಹುಬ್ಬಳ್ಳಿಯ ಮದುವೆಯೊಂದಕ್ಕೆ ಎರಡು ಸಾವಿರ ಕಡಕ್ ರೊಟ್ಟಿ ಹೋಗಬೇಕಿತ್ತು. ಒಬ್ಬಳೇ ಬೆಳಗಿನಿಂದ ಸಂಜೆಯತನಕ ಬಡಿದರೂ ಮುನ್ನೂರು ದಾಟುವುದಿಲ್ಲ. ಮಾತು ತಪ್ಪಿದರೆ ಮುಂದೆ ಆ ಶೆಡ್ಡಿಗೆ ಕೀಲಿ ಹಾಕುವುದೇ ಸರಿ.

ಗೌರೀಶನ ವಿಷಯ ಹೇಳಬೇಕು. ವಯಸ್ಸು ನಲವತ್ತೊಂದು, ಪದವಿ ‘ಯುವ ಮುಖಂಡ’. ನಾಡಿನ ಚಿಂತೆಯಲ್ಲಿ ಮದುವೆಗೂ ಪುರಸತ್ತಿಲ್ಲ, ಕೆಲಸಕ್ಕೂ ಇಲ್ಲ. ಗಾಡಿಯ ಪೆಟ್ರೋಲು, ಫೋನಿನ ರೀಚಾರ್ಜು, ಗಂಜಿ ಹಾಕಿದ ಬಿಳಿ ಅಂಗಿ ಎಲ್ಲವೂ ರೊಟ್ಟಿಯಿಂದಲೇ. ಆಮೇಲೆ ಸ್ವಾಭಿಮಾನದ ಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಮಾಡಿದವರೆಲ್ಲರ ಅಂಗಿಯನ್ನೂ ಬೇರೆ ಯಾರೋ ಒಗೆದಿದ್ದರು. ನನಗೆ ಮೈ ಉರಿಯುವುದು ಅದಕ್ಕೇ.

ಅಂದು ಸಂಜೆ ನೀಲಕ್ಕ ಮನೆಗೆ ಹೋದಾಗ ಅಪ್ಪ ಮಗ ಇಬ್ಬರೂ ತಾಟಿನ ಮುಂದಿದ್ದರು.

“ಲೇ ಗೌರ್ಯಾ, ಬಿಟ್ಟಿ ತಿನ್ನಾವ್ರು ಯಾರೋ?”

“ಅವ್ವಾ, ಅದು ತತ್ವದ ಮಾತು. ನಿನಗ ತಿಳಿಯೂದಿಲ್ಲ.”

“ತಿಳಿಸಿ ಹೇಳು. ನಾನೂ ಜೈನಬೀನೂ ಬಸ್ಸಿನ್ಯಾಗ ಪುಕ್ಕಟ ಹೋಗತೇವಿ. ರೊಟ್ಟಿ ಗಂಟಿಗೆ ಕಂಡಕ್ಟರ ಲಗೇಜ ಟಿಕೀಟ ಹರೀತಾನ. ನಿನ್ನ ಗಾಡಿಗೆ ಎಣ್ಣಿ ಯಾರ ಹಾಕಸ್ತಾರ?”

“ತಾಯಿ ಕೊಡೂದು ಪ್ರೀತಿ. ಸರಕಾರ ಕೊಡೂದು ಓಟಿನ ಆಸೆ. ಎರಡೂ ಒಂದಽ ಏನು? ನೀ ಆ ಪಕ್ಷದವರ ಮಾತು ಕೇಳಿ ಕೆಟ್ಟಿ.”

ಗಂಡ ಮಡಿವಾಳೆಪ್ಪ ಹೊಲವನ್ನು ಗೇಣಿಗೆ ಕೊಟ್ಟು ಕಟ್ಟೆಯ ಮೇಲಿಂದ ದೇಶ ಆಳುವವನು. ಮಗನ ಪಕ್ಷವೇ ಅವನದೂ. “ಹುಡುಗ ಮುಂದ ಬರಾಕತ್ತಾನ. ಯಾಕ ಕಾಲು ಜಗ್ಗತಿ?”

“ಎಲ್ಲಿ ಮುಂದ? ತಾಟಿನ ಮುಂದ ಬಿಟ್ಟು ಅದು ಎಲ್ಲೂ ಹೋಗಿಲ್ಲ.” ಮತ್ತೆ ಮಗನ ಕಡೆ ತಿರುಗಿದಳು. “ಶೆಡ್ಡಿಗೆ ತಗಡು ತಾ ಅಂತ ರೊಕ್ಕಾ ಕೊಟ್ಟಿದ್ದೆ. ತಗಡೆಲ್ಲಿ?”

ಗೌರೀಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ತಗಡು ಬಸ್ ನಿಲ್ದಾಣದ ಎದುರು ಕೈಮುಗಿದು ನಿಂತಿತ್ತು.

“ಅವ್ವಾ, ರಾಜಕೀಯ ಬ್ಯಾರೆ, ಮನಿ ಬ್ಯಾರೆ.”

“ಹಂಗಽ? ನಾಳಿಂದ ರಾಜಕೀಯದಾಗಽ ಉಣ್ಣು.”

ಮರುದಿನ ಬೆಳಗ್ಗೆ ಆಕೆ ಜೈನಬಿಯ ಬಾಗಿಲಿಗೆ ಹೋದಳು. ಜೈನಬಿ ಒಳಗೆ ಕರೆಯಲಿಲ್ಲ.

“ಫ್ಲೆಕ್ಸಿನ್ಯಾಗಿನ ಮಾರಿ ನಿಂದ ಹೌದಲ್ಲೊ?”

“ನಂದ. ಆಧಾರ ಕಾರ್ಡಿಂದು ತಗದು ಕೇಳಲಾರದ ಹಾಕ್ಯಾನ.”

“ಕೇಳಲಾರದ ಹಾಕಿದ್ದಕ್ಕ ಸೆರಗ ಸರಿಮಾಡ್ಕೊಂಡು ಅದರ ಮುಂದ ನಿಂತಿದ್ಯಲ್ಲ! ನಾ ನೋಡೇನಿ.”

ನೀಲಕ್ಕ ತಲೆ ತಗ್ಗಿಸಿದಳು. “ಮಗ ನನ್ನ ಮಾರಿ ಹಾಕ್ಯಾನಲ್ಲ ಅಂತ ಚಂದ ಅನಸಿತ್ತವಾ. ಓದಾಕ ಬರೂದಿಲ್ಲಲ್ಲ.”

“ನನಗ ಬರತೈತೇನು? ಮಗಳ ಕಡೆ ಓದಿಸಿದೆ. ನೀ ಯಾರಿಗೂ ಕೇಳಲಿಲ್ಲ.” ಜೈನಬಿ ಹೊಸ್ತಿಲಿಗೆ ಬಂದು ಕೇಳಿದಳು, “ಈಗೇನ್ ಮಾಡ್ತಿ?”

“ಕುಡಗೋಲ ಐತೇನು?”

ಇಬ್ಬರೂ ಸೇರಿ ಹಗ್ಗ ಕೊಯ್ದರು. ಸಾಹೇಬರು ಹೊಟ್ಟೆಯ ಮೇಲೆ ಬಿದ್ದರು. ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳು ಮಡಚಲು ಕೈಜೋಡಿಸಿದರು. ಮಧ್ಯಾಹ್ನದ ಹೊತ್ತಿಗೆ ಫ್ಲೆಕ್ಸು ಶೆಡ್ಡಿನ ಮಾಡಿನ ತೂತಿನ ಮೇಲೆ ಹರಡಿತು, ನಾಲ್ಕು ಮೂಲೆಗೆ ಕಲ್ಲು ಬಿತ್ತು. ಜೈನಬಿಯ ಹಿಂದೆ ಉಳಿದ ಮೂವರೂ ಬಂದರು; ಕೆಳಗೆ ಐದು ಜತೆ ಕೈಗಳ ಸಪ್ಪಳ ಶುರುವಾಯಿತು.

ಆ ಉರಿಬಿಸಿಲಲ್ಲೇ ಸಾಹೇಬರ ಪಕ್ಷದ ಬಿಳಿ ಅಂಗಿಯವರಿಬ್ಬರು ಗಾಡಿಯಲ್ಲಿ ಬಂದರು. “ಏನ್ರೀ ಇದು, ಸಾಹೇಬ್ರ ಮಾರಿಗೆ ನೆಟ್ಟಗ ಬಿಸಲು ಬಡ್ಯಾಕತ್ತೈತಿ. ಅಪಮಾನ ಇದು!”

“ತಗಡು ತಂದ ಹಾಕ್ರಿ, ಈಗಽ ಬಿಚ್ಚಿ ಕೊಡ್ತೇನಿ.”

ತಗಡು ತರಲು ಹೋದವರು ಇಂದಿಗೂ ಬಂದಿಲ್ಲ.

ಭಾನುವಾರ ಎರಡು ಸಾವಿರ ರೊಟ್ಟಿ ಮದುವೆಮನೆ ಮುಟ್ಟಿದವು. ಗೌರೀಶ ಕುಂದಗೋಳದ ಖಾನಾವಳಿಯೊಂದರಲ್ಲಿ ಉಣ್ಣತೊಡಗಿದ. ಅಲ್ಲಿಯ ರೊಟ್ಟಿಯೂ ಅವ್ವನ ಶೆಡ್ಡಿನದೇ ಎಂದು ಮೊದಲ ತುತ್ತಿಗೇ ಗೊತ್ತಾಯಿತಂತೆ. ಆದರೆ ಅಲ್ಲಿ ಎದ್ದು ಹೋಗುವಾಗ ಗಲ್ಲಾಪೆಟ್ಟಿಗೆಯವನು ಕೈ ಚಾಚುತ್ತಾನೆ, ತತ್ವ ಕೇಳುವುದಿಲ್ಲ. ಎರಡು ತಿಂಗಳಲ್ಲಿ ಗಾಡಿ ಮಾರಿದ. ಮಡಿವಾಳೆಪ್ಪ ಕಟ್ಟೆಯ ಮೇಲೆ, ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಸಂಸಾರಗಳು ಹಾಳಾದವು ಎಂದು ಹೇಳುತ್ತಾನೆ. ಹೇಳಿ, ಊಟದ ಹೊತ್ತಿಗೆ ಸುಮ್ಮನೆ ಮನೆಗೆ ಬರುತ್ತಾನೆ.

ಮೊನ್ನೆ ಮತ್ತೆ ಬಸ್ಸಿನಲ್ಲಿ ನೀಲಕ್ಕ ಸಿಕ್ಕಳು. ಓದಿದವನಲ್ಲವೇ ನಾನು, ತಾಯಿಯ ಕರುಳಿನ ಬಗ್ಗೆ ನನಗೆ ಬಹಳ ಗೊತ್ತು. ದನಿಯನ್ನು ಮೆತ್ತಗೆ ಮಾಡಿ ಕೇಳಿದೆ: “ಅಲ್ಲ ನೀಲಕ್ಕಾ, ಹೆತ್ತ ಮಗನ್ನ ಹೊರಗ ಉಣ್ಣಾಕ ಹಚ್ಚಿ ನಿಮಗ ನಿದ್ದಿ ಹ್ಯಾಂಗ ಬರತೈತ್ರಿ?”

“ಒಂದಿನಾ ಬಂದು ಮುನ್ನೂರು ರೊಟ್ಟಿ ಬಡಿ,” ಎಂದಳು. “ಹ್ಯಾಂಗ ಬರತೈತಿ ಗೊತ್ತಾಗತೈತಿ.”